ಏಳು ವರ್ಷಕ್ಕೇ ಗುಣಕ್ಕೆ ಮುದ್ರೆ ಬೀಳುವುದಿಲ್ಲ

‘ಮಗುವಿನ ನೀತಿ, ಭಕ್ತಿ ಎಲ್ಲವೂ ಏಳು ವರ್ಷದೊಳಗೆ ಗಟ್ಟಿಯಾಗುತ್ತವೆ, ಆಮೇಲೆ ತಿದ್ದಲಾಗದು ಎಂದು ಮನಶ್ಶಾಸ್ತ್ರಜ್ಞರಾದ ಪಿಯಾಜೆ, ಕೋಲ್‌ಬರ್ಗ್ ಹೇಳಿದ್ದಾರೆ’ ಎಂಬ ಸಂದೇಶ ವಿಜಯಪುರದ ಪಾಲಕರ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಕೊನೆಗೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯ ಒಗ್ಗರಣೆ ಬೇರೆ. ಗಾದೆ ನಮ್ಮದು, ಉಳಿದದ್ದು ಸುಳ್ಳು.

ಪಿಯಾಜೆ ಸ್ವಿಟ್ಜರ್ಲೆಂಡಿನಲ್ಲಿ ಗೋಲಿಯಾಡುವ ಹುಡುಗರನ್ನು ಆಟದ ನಿಯಮಗಳ ಬಗ್ಗೆ ಕೇಳಿ, 1932ರಲ್ಲಿ ಮಕ್ಕಳ ನೀತಿಯ ತಿಳುವಳಿಕೆ ಕುರಿತು ಪುಸ್ತಕ ಬರೆದವರು. ಅವರ ಒಂದು ಕಥೆಯಲ್ಲಿ ಒಬ್ಬ ಹುಡುಗ ಬಾಗಿಲು ತೆರೆಯುವಾಗ ಅರಿಯದೆ 15 ಕಪ್ ಒಡೆಯುತ್ತಾನೆ. ಇನ್ನೊಬ್ಬ ಕದ್ದು ಜಾಮ್ ತಿನ್ನಲು ಹೋಗಿ ಒಂದೇ ಕಪ್ ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು? ಚಿಕ್ಕವರು ಹೆಚ್ಚಾಗಿ ಕಪ್ ಎಣಿಸಿದರು, ದೊಡ್ಡ ಮಕ್ಕಳು ಉದ್ದೇಶ ನೋಡಿದರು. ಜಾಮಿನ ಬದಲು ಶೇಂಗಾ ಹೋಳಿಗೆ ಇಟ್ಟು ಆರು ವರ್ಷದ ಮೊಮ್ಮಗಳನ್ನು ಕೇಳಿದೆ. ‘ಹದಿನೈದು ಒಡೆದವನಿಗೇ ಏಟು ಬೀಳಬೇಕು ಅಜ್ಜಾ’ ಎಂದಳು. ಅವಳ ಅಣ್ಣನಿಗೆ ಹನ್ನೊಂದು, ಅವನು ಒಪ್ಪಲಿಲ್ಲ.

ಕೋಲ್‌ಬರ್ಗ್ ಇದೇ ವಿಷಯದ ತಮ್ಮ 1958ರ ಪ್ರಬಂಧಕ್ಕಾಗಿ ಮಾತನಾಡಿಸಿದ್ದೇ 10ರಿಂದ 16 ವರ್ಷದ ಹುಡುಗರನ್ನು. ಏಳಕ್ಕೆ ಎಲ್ಲ ಮುಗಿಯುವುದಾದರೆ ಹದಿನಾರರವನ ಹತ್ತಿರ ಅವರಿಗೇನು ಕೆಲಸವಿತ್ತು? ಇನ್ನು ನಂಬಿಕೆಯ ಹಂತಗಳನ್ನು 1981ರಲ್ಲಿ ವಿವರಿಸಿದವರು ಜೇಮ್ಸ್ ಫೌಲರ್. ಅವರ ಹಂತಗಳು ನಡುವಯಸ್ಸನ್ನೂ ದಾಟುತ್ತವೆ.