ಮೊದಲ ಕೊಡ ಚೆಲ್ಲುವ ಬಾವಿ

ಹೋದ ತಿಂಗಳು ಮಲೆನಾಡಿನ ನಮ್ಮೂರಿಗೆ ಹೋಗಿದ್ದೆ. ರಸ್ತೆ ಅಗಲ ಮಾಡುವುದಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಪೆಟ್ರೋಲ್ ಬಂಕ್ ಎತ್ತಿಸುತ್ತಿದ್ದರು. ಬೆಳಿಗ್ಗೆ ಕ್ರೇನ್ ಬಂತು. ತುಕ್ಕು ಹಿಡಿದ ಎರಡು ಟ್ಯಾಂಕ್ ಮೇಲೆ ಬಂದವು. ಸಂಜೆಯೊಳಗೆ ಆ ಗುಂಡಿಗೆ ಕಟ್ಟಡ ಒಡೆದ ಕಲ್ಲುಮಣ್ಣು ಸುರಿದು, ಜೆಸಿಬಿ ಓಡಿಸಿ ಮಟ್ಟ ಮಾಡಿಬಿಟ್ಟರು. ಗುಂಡಿಯ ತಳದ ಮಣ್ಣು ಕಪ್ಪಗಿತ್ತು. ಪೆಟ್ರೋಲ್ ವಾಸನೆ ರಸ್ತೆಯವರೆಗೂ ಬರುತ್ತಿತ್ತು.

"ಮಣ್ಣು ಪರೀಕ್ಷೆ ಮಾಡಿಸ್ತೀರಾ?" ಅಂತ ಅಲ್ಲಿದ್ದವರನ್ನು ಕೇಳಿದೆ.

"ಟ್ಯಾಂಕೇ ತೆಗೆದ್ವಲ್ಲ ಸರ್, ಇನ್ನೇನಿದೆ?"

ಕ್ಯಾಲಿಫೋರ್ನಿಯಾದಲ್ಲಿ 9 ವರ್ಷದಿಂದ ನನ್ನ ಕೆಲಸ ಶುರುವಾಗುವುದೇ ಟ್ಯಾಂಕ್ ತೆಗೆದ ಮೇಲೆ. ಟ್ಯಾಂಕಿನ ಎರಡೂ ತುದಿಯ ಕೆಳಗಿಂದ ಪರೀಕ್ಷೆಗೆ ಮಣ್ಣು ತೆಗೆಯುತ್ತೇವೆ. ಪೈಪ್ ಹಾದುಹೋದ ಜಾಗದಿಂದ, ಪಂಪ್ ನಿಂತಿದ್ದ ಜಾಗದಿಂದಲೂ ತೆಗೆಯುತ್ತೇವೆ, ಯಾಕೆಂದರೆ ಎಷ್ಟೋ ಸಲ ಸೋರುವುದು ಟ್ಯಾಂಕಲ್ಲ, ಪೈಪಿನ ಜಾಯಿಂಟು. ಸೆಕೆಂಡಿಗೆ ಒಂದೇ ಹನಿ ಸೋರಿದರೂ ವರ್ಷಕ್ಕೆ 1,500 ಲೀಟರ್ ದಾಟುತ್ತದೆ. ಆಮೇಲೆ ಬೋರ್ ಕೊರೆದು ಅಂತರ್ಜಲ ನೋಡುತ್ತೇವೆ. ಕಡಿಮೆಯೆಂದರೆ 3 ಬೋರ್ ಬೇಕು. ಮೂರರಲ್ಲೂ ನೀರಿನ ಮಟ್ಟ ಅಳೆದರೆ ಮಾತ್ರ ನೀರು ಯಾವ ಕಡೆಗೆ ಹರಿಯುತ್ತಿದೆ ಅಂತ ಗೊತ್ತಾಗುವುದು. ನೀರನ್ನು ಪುಟ್ಟ ಗಾಜಿನ ಸೀಸೆಗೆ ಒಂದು ಗುಳ್ಳೆಯೂ ಇಲ್ಲದ ಹಾಗೆ ತುಂಬಿ, ಐಸ್‌ನಲ್ಲಿಟ್ಟು ಲ್ಯಾಬಿಗೆ ಕಳಿಸುತ್ತೇವೆ. ಗುಳ್ಳೆ ಇದ್ದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಅನ್ನುವ ರಾಸಾಯನಿಕ ಆವಿಯಾಗಿ ಅದರೊಳಗೆ ಸೇರಿಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ.

ಇದೆಲ್ಲ ಅಮೆರಿಕದವರಿಗೆ ಮೊದಲಿಂದ ಗೊತ್ತಿದ್ದದ್ದೇನಲ್ಲ. ಅವರೂ ಬರೀ ಕಬ್ಬಿಣದ ಟ್ಯಾಂಕ್ ಹೂತು ಮರೆತವರೇ. ಕಾನೂನು ಬಂದದ್ದು 1984ರಲ್ಲಿ, ಸೋರಿಕೆ ಪತ್ತೆಯ ನಿಯಮಗಳು 1988ರಲ್ಲಿ. ಹುಡುಕಲು ಹೊರಟ ಮೇಲೆ ಇಲ್ಲಿಯವರೆಗೆ ಸಿಕ್ಕಿದ್ದು 5 ಲಕ್ಷಕ್ಕೂ ಜಾಸ್ತಿ ಸೋರಿಕೆ. ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಮೋನಿಕಾ ಊರಿನ ಕಥೆ ನಮ್ಮ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಪೆಟ್ರೋಲ್ ಚೆನ್ನಾಗಿ ಉರಿಯಲಿ ಅಂತ ಬೆರೆಸುತ್ತಿದ್ದ ಎಂಟಿಬಿಇ ಅನ್ನುವ ರಾಸಾಯನಿಕ, ನೆಲದೊಳಗಿನ ಟ್ಯಾಂಕು ಪೈಪುಗಳಿಂದ ಸೋರಿ ಕುಡಿಯುವ ನೀರಿನ ಬಾವಿಗಳಿಗೆ ಇಳಿದಿತ್ತು. ಅದು ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆಗೇ ದೂರ ಹೋಗುತ್ತದೆ. 1996ರಲ್ಲಿ ಬಾವಿಗಳನ್ನು ಮುಚ್ಚಿದರು. ಊರಿನ ಅರ್ಧದಷ್ಟು ನೀರು ಹೋಯಿತು. ಹೊರಗಿಂದ ನೀರು ಕೊಂಡರು. ಆ ಬಾವಿಗಳ ನೀರನ್ನು ಶುದ್ಧ ಮಾಡಿ ಮತ್ತೆ ಕುಡಿಯಲು ಸುಮಾರು 15 ವರ್ಷ ಹಿಡಿಯಿತು. ಅಷ್ಟು ದುಡ್ಡಿರುವ ಊರಿಗೇ ಅಷ್ಟು ವರ್ಷ!

ನಮ್ಮೂರಿಗೆ ಬರುತ್ತೇನೆ. ಆ ಬಂಕಿನ ಹಿಂದೆಯೇ ನಮ್ಮ ಚಿಕ್ಕಮ್ಮನ ಮನೆ. ಗುಂಡಿಯಿಂದ ಅವರ ಸೇದೋ ಬಾವಿಗೆ 40 ಹೆಜ್ಜೆ. ನಾನೇ ಎಣಿಸಿದ್ದೇನೆ.

"ಮಳೆ ಹಿಡಿದ್ಮೇಲೆ ಒಂದು ಥರಾ ವಾಸನೆ ಬರ್ತದೆ ಮಾರಾಯ. ಮೊದಲ ಎರಡು ಕೊಡ ಚೆಲ್ತೀವಿ. ಆಮೇಲೆ ಸರಿ ಹೋಗ್ತದೆ" ಅಂದರು. ಎಷ್ಟು ವರ್ಷದಿಂದ ಅಂದರೆ, "ಯಾರಿಗೆ ನೆನಪಿದೆ" ಅಂದರು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಪೆಟ್ರೋಲ್ ಹಾಗೇ ನಡೆದುಕೊಳ್ಳುವುದು. ಅದು ನೀರಿಗಿಂತ ಹಗುರ. ನೀರಿನ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರಿನ ಜೊತೆ ಕೆಳಗಿಳಿದು ಮಣ್ಣಿಗೆ ಬಳಿದುಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಅದೇ ಮಣ್ಣನ್ನು ನೆನೆಸಿ ಮತ್ತೆ ಬಿಡಿಸಿಕೊಂಡು ಬರುತ್ತದೆ. ಮೇಲಿನ ಎರಡು ಕೊಡ ಚೆಲ್ಲಿದರೆ ವಾಸನೆ ಹೋಗಬಹುದು, ಕರಗಿದ್ದು ಕೆಳಗಿನ ನೀರಿನಲ್ಲೇ ಇರುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಕ್ಯಾಲಿಫೋರ್ನಿಯಾದಲ್ಲಿ ಕುಡಿಯುವ ನೀರಿಗೆ ಅದರ ಮಿತಿ 1,000 ಲೀಟರಿಗೆ 1 ಮಿಲಿಗ್ರಾಂ. ಮೂಗಿಗೆ ವಾಸನೆ ಹತ್ತಬೇಕೆಂದರೆ ಅದಕ್ಕಿಂತ ನೂರಾರು ಪಟ್ಟು ಜಾಸ್ತಿ ಇರಬೇಕು. ಕಾಯಿಸಿ ಕುಡಿದರೂ ಆಗುವುದಿಲ್ಲ. ಆವಿ ಅಡುಗೆಮನೆಯಲ್ಲೇ ತುಂಬುತ್ತದೆ, ಅಲ್ವಾ?

ಬಂಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸ ಬಂಕ್ ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ. ಒಳ್ಳೆಯದು. ಆದರೆ ನನಗೆ ಚಿಂತೆ ಇರುವುದು ಹಳೆಯವುಗಳದ್ದು. ಎಲ್ಲ ಕಡೆ ರಸ್ತೆ ಅಗಲ ಆಗುತ್ತಿದೆ, ಹಳೇ ಬಂಕ್‌ಗಳನ್ನು ಎತ್ತಿಸುತ್ತಿದ್ದಾರೆ, ಆ ಜಾಗದಲ್ಲಿ ಕಾಂಪ್ಲೆಕ್ಸು, ಹೋಟೆಲು ಬರುತ್ತಿವೆ. ಗುಂಡಿ ತೆರೆದಿರುವ ಆ ಒಂದು ದಿನ ಮಣ್ಣು ತೆಗೆಯುವುದು ತುಂಬಾ ಸುಲಭ. ಒಬ್ಬ ಮನುಷ್ಯ, ಒಂದು ಐಸ್ ಡಬ್ಬ, ಅರ್ಧ ದಿನ ಸಾಕು. ಮುಚ್ಚಿ ಕಟ್ಟಡ ಕಟ್ಟಿದ ಮೇಲೆ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ಖರ್ಚು. ಬಯಲುಸೀಮೆಯಲ್ಲಿ ಇನ್ನೂ ಕಷ್ಟ. ಅಲ್ಲಿ ನೀರು ಹರಿಯುವುದು ಬಂಡೆಯ ಬಿರುಕಿನಲ್ಲಿ. ಪಕ್ಕದ ಬೋರ್‌ವೆಲ್ ಚೆನ್ನಾಗಿದ್ದು, ದೂರದ್ದು ಕೆಟ್ಟಿರಬಹುದು.

ಅದಕ್ಕೇ ನನ್ನ ಬೇಡಿಕೆ ಒಂದೇ. ಮಣ್ಣಿನ ವರದಿ ಬರುವವರೆಗೆ ಟ್ಯಾಂಕ್ ಎತ್ತಿದ ಗುಂಡಿ ಮುಚ್ಚಬಾರದು, ಆ ವರದಿ ಅಕ್ಕಪಕ್ಕದ ಬಾವಿಯವರ ಕೈಗೂ ಸಿಗಬೇಕು. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ಬಗ್ಗೆ ಹೊಸ ನಿಯಮ ತಂದಿದೆ. ಅನುಮಾನವಿರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಹಳೇ ಬಂಕಿನ ಜಾಗಗಳು ಆ ಪಟ್ಟಿಗೆ ಬರಬೇಕಾದರೆ ಊರಿನವರೇ ಅರ್ಜಿ ಹಾಕಿ ಕೇಳಬೇಕು. ನಾನು ಹಾಕಿ ಬಂದಿದ್ದೇನೆ.

ಚಿಕ್ಕಮ್ಮನ ಬಾವಿಯ ನೀರನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಕೊಟ್ಟಿದ್ದೇನೆ. ವರದಿ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಅವರು ಕುಡಿಯುವುದಕ್ಕೆ ಎದುರು ಮನೆಯಿಂದ ನಲ್ಲಿ ನೀರು ತರುತ್ತಿದ್ದಾರೆ. ನಿಮ್ಮೂರಲ್ಲೂ ಬಂಕ್ ಎತ್ತಿದ ಜಾಗ ಇದ್ದರೆ, ಹತ್ತಿರದ ಬಾವಿ ಎಷ್ಟು ಹೆಜ್ಜೆ ಅಂತ ಎಣಿಸಿ ಕೆಳಗೆ ಬರೆಯಿರಿ.