ಮೀನಿಗೂ ವಾರಕ್ಕೊಮ್ಮೆ ನೀರು

"ವಾರಕ್ಕೊಮ್ಮೆ ನೀರು ಬದಲಿ ಮಾಡಬೇಕ್ರಿ ಸರ. ಪೂರ್ತಿ ಅಲ್ಲ, ಕಾಲುಭಾಗ ಅಷ್ಟ. ಪಾಳಿ ಮಾತ್ರ ತಪ್ಪಿಸಬ್ಯಾಡ್ರಿ."

ಮೀನಿನ ಅಂಗಡಿಯ ಹುಡುಗ ಇಷ್ಟು ಹೇಳಿದ್ದೇ ತಡ, ಹುಬ್ಬಳ್ಳಿಯ ನೀರಿನ ಗುಟ್ಟು ನನಗೆ ಹೊಳೆದುಬಿಟ್ಟಿತು. ಇಷ್ಟು ವರ್ಷ ನಾವು ಸುಮ್ನೆ ಬೈಯುತ್ತಿದ್ದೆವು. ಐದು ದಿನಕ್ಕೊಮ್ಮೆ ನಳ ಬಂತು, ಆರು ದಿನಕ್ಕೊಮ್ಮೆ ಬಂತು, ಬೇಸಿಗೆಯಲ್ಲಿ ಎಂಟಾಯಿತು ಅಂತ ಓಣಿಯಲ್ಲಿ ನಿಂತು ಕೂಗಾಡುತ್ತಿದ್ದೆವು. ಇದರ ಹಿಂದೆ ಒಂದು ಶಾಸ್ತ್ರ ಇದೆ ಅಂತ ಯಾರಿಗೆ ಗೊತ್ತಿತ್ತು? ಯಾರೋ ಪುಣ್ಯಾತ್ಮರು ಮೀನು ಸಾಕುವ ಕ್ರಮವನ್ನು ಚೆನ್ನಾಗಿ ಅಭ್ಯಾಸ ಮಾಡಿ, ಆಮೇಲೆ ನಮ್ಮ ಓಣಿಗೆ ನೀರಿನ ದಿನ ಗೊತ್ತು ಮಾಡಿದ್ದಾರೆ.

ಟ್ಯಾಂಕ್ ತಂದದ್ದು ಮಗಳ ಹಟಕ್ಕೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ನಮಗ ಇಲ್ಲದ ನೀರು ಮೀನಿಗೆ ಎಲ್ಲಿಂದ ತರ್ತೀರಿ?"

ನಾನು ಕಾಗದ ತೆಗೆದು ಲೆಕ್ಕ ತೋರಿಸಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ 56 ಲೀಟರ್. ಮೇಲೆ ಎರಡು ಬೆರಳು ಬಿಟ್ಟು, ಕೆಳಗೆ ಕಲ್ಲು ಹಾಸಿದರೆ 45ರ ಆಸುಪಾಸು. ಅದರಲ್ಲಿ ಕಾಲುಭಾಗ ಅಂದರೆ ವಾರಕ್ಕೆ ಒಂದು ಬಕೆಟ್ ಕೂಡ ತುಂಬುವುದಿಲ್ಲ.

"ನೀವು ದಾಡಿ ಮಾಡಿಕೊಳ್ಳುವಾಗ ನಳ ಹಂಗ ಬಿಟ್ಟಿರ್ತೀರಲ್ಲ, ಅದು ನಿಲ್ಲಿಸಿದ್ರ ಎರಡು ಟ್ಯಾಂಕ್ ಇಡಬಹುದು" ಎಂದಳು. ಹೀಗೆ ಯೋಜನೆಗೆ ಮಂಜೂರಾತಿ ಸಿಕ್ಕಿತು.

ನೀರಿನ ವಿಷಯದಲ್ಲಿ ಹುಬ್ಬಳ್ಳಿಯವರಿಗೆ ಇರುವ ಅನುಕೂಲ ಬೇರೆ ಊರಿನವರಿಗೆ ಇಲ್ಲ. ನೋಡಿ, ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿನ ಕಿವಿರು ಸುಡುತ್ತದೆ. ಅದನ್ನು ತೆಗೆಯಲು ಆಂಟಿ ಕ್ಲೋರಿನ್ ಅಂತ ಒಂದು ಬಾಟಲಿ ಮಾರುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ರೀಲಿನ ಕಾಲದ ಫೋಟೋ ಸ್ಟುಡಿಯೋದವರು ಹೈಪೊ ಅನ್ನುತ್ತಿದ್ದದ್ದು ಇದನ್ನೇ. ಬಾಟಲಿ ಬೇಡ ಅಂದರೆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ನಮ್ಮ ಮನೆಯಲ್ಲಿ ನೀರು ಒಂದು ದಿನವಲ್ಲ, ಐದು ದಿನ ಕೂತಿರುತ್ತದೆ. ಬೇರೆ ಕಡೆ ದುಡ್ಡು ಕೊಟ್ಟು ಓಡಿಸುವ ಕ್ಲೋರಿನ್, ನಮ್ಮಲ್ಲಿ ಬ್ಯಾರೆಲಿನೊಳಗೆ ಕೂತು ಕೂತು ಬೇಜಾರಾಗಿ ತಾನೇ ಎದ್ದು ಹೋಗುತ್ತದೆ. ಅದು ಹೋದ ಮೇಲೆ ಉಳಿದ ನೀರನ್ನು ನಾವೂ ಬಳಸುತ್ತೇವೆ, ಅದು ಬೇರೆ ಮಾತು.

ಇನ್ನೊಂದು ನಿಯಮ. ನಳ ಬಂದ ಕೂಡಲೇ ಸಿಗುವ ಮೊದಲ ನೀರನ್ನು ಮೀನಿಗೆ ಹಾಕಬಾರದು. ಇದನ್ನು ನಮ್ಮೂರ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲ ಎರಡು ಕೊಡ ಗಟಾರಕ್ಕೆ, ಆಮೇಲಿನದು ಬಳಸಲಿಕ್ಕೆ, ತಿಳಿಯಾದ ಮೇಲಿನದು ಕುಡಿಯಲಿಕ್ಕೆ. ಅಮೆರಿಕದ ಬರ್ಕ್ಲಿಯ ಸಂಶೋಧಕರು ಹುಬ್ಬಳ್ಳಿ-ಧಾರವಾಡಕ್ಕೇ ಬಂದು, ದಿನ ಬಿಟ್ಟು ಬರುವ ನೀರು ಮತ್ತು ಇಡೀ ದಿನ ಬರುವ ನೀರು ಎರಡರದ್ದೂ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿದರು. 2013ರಲ್ಲಿ ಒಂದು, 2014ರಲ್ಲಿ ಇನ್ನೊಂದು ಪ್ರಬಂಧ ಬಂತು. ನೀರು ಬಿಟ್ಟ ಹೊಸದರಲ್ಲಿ ಪೈಪಿನೊಳಗಿನ ಹೊಲಸು ಕೊಚ್ಚಿಕೊಂಡು ಬರುತ್ತದೆ, ಒತ್ತಡ ಕಡಿಮೆ ಇದ್ದಾಗಲೂ ನೀರು ಕೆಡುತ್ತದೆ ಅಂತ. ನಮ್ಮ ಪಕ್ಕದ ಮನೆಯ ಕಾಕು ಇಷ್ಟನ್ನು ಮೂಗಿನಿಂದಲೇ ಕಂಡುಹಿಡಿದಿದ್ದರು. ಇಂಗ್ಲಿಷಿನಲ್ಲಿ ಬರೆದು ಕಳಿಸಲಿಲ್ಲ, ಅಷ್ಟೇ.

ಮಗಳು ಕೇಳಿದಳು, "ಅಪ್ಪಾ, ಈ ಮೀನಿನ ನೀರು ಎಲ್ಲಿಂದ ಬರತದ?" ಎರಡು ಕಡೆಯಿಂದ ಎಂದೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಒಂದು, ಕಲಘಟಗಿ ಕಡೆಯ ನೀರಸಾಗರ ಇನ್ನೊಂದು. ಅವಳಿಗೆ ಶಾಲೆಯಲ್ಲಿ ಸಂಧಿ ಪಾಠ ನಡೆಯುತ್ತಿತ್ತು. ಮಳೆ ಆದ ವರ್ಷ ಅದು ನೀರ ಸಾಗರ. ಮಳೆ ಕೈಕೊಟ್ಟ ವರ್ಷ ನೀರಸ ಪ್ಲಸ್ ಆಗರ, ಸವರ್ಣದೀರ್ಘ ಸಂಧಿ. ಉದಾಹರಣೆಯನ್ನು ಅವಳು ಟೀಚರಿಗೆ ಹೇಳಿದಳಂತೆ. ಟೀಚರ್ ಮನೆಗೂ ಆ ವಾರ ನಳ ಬಂದಿರಲಿಲ್ಲವೇನೋ, ಪೂರ್ತಿ ಅಂಕ ಕೊಟ್ಟರು.

ಈಗ ಮೀನಿನ ಕಥೆ. ಅಂಗಡಿಯ ಹುಡುಗ ಆರು ಗೋಲ್ಡ್ ಫಿಶ್ ಕೊಟ್ಟ. "ಇವತ್ತ ಹಾಕ್ರಿ ಸರ, ಏನೂ ಆಗೂದಿಲ್ಲ." ಜೊತೆಗೆ ಬಿಸಿ ಮಾಡುವ ಹೀಟರನ್ನೂ ಕೊಟ್ಟ. ಗೋಲ್ಡ್ ಫಿಶ್ ಚೀನಾದ ಕಡೆಯದು, ತಣ್ಣೀರಿನ ಮೀನು, ಗೆಂಡೆಯ ಬಳಗ. ಅದಕ್ಕೆ ಹೀಟರ್ ಬೇಕಾಗಿಲ್ಲ. 24ರಿಂದ 27 ಡಿಗ್ರಿಯ ನೀರು ಬೇಕಾದದ್ದು ಉಷ್ಣವಲಯದ ಗಪ್ಪಿ, ಮೊಲಿ, ಟೆಟ್ರಾಗಳಿಗೆ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ನಮಗೇ ಒಂದು ಹೀಟರ್ ಬೇಕು ಅನ್ನಿಸುತ್ತದೆ, ಆ ಮಾತು ಇರಲಿ. ಜೊತೆಗೆ ಗೋಲ್ಡ್ ಫಿಶ್ ತಿನ್ನುವುದು ಜಾಸ್ತಿ, ಹೊಲಸು ಮಾಡುವುದು ಅದಕ್ಕಿಂತ ಜಾಸ್ತಿ. ಆರು ಗೋಲ್ಡ್ ಫಿಶ್‌ಗೆ ಎರಡು ಅಡಿಯ ಟ್ಯಾಂಕ್ ಅಂದರೆ ಬೆಳಗಿನ ಪ್ಯಾಸೆಂಜರ್ ರೈಲು.

ಇದೆಲ್ಲ ನನಗೆ ತಿಳಿದದ್ದು ಆರೂ ಸತ್ತ ಮೇಲೆ.

ನಾಲ್ಕು ದಿನದಲ್ಲಿ ಖಾಲಿ. ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಮನೆಗೆ ಬಂದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು, ಒಳ್ಳೆಯದೇ ಆಯಿತು. ಆ ಲೆಕ್ಕದಲ್ಲಿ ನಮ್ಮ ಮನೆಯ ಮೂರು ತಲೆಮಾರಿನ ಕಂಟಕ ಒಂದೇ ವಾರದಲ್ಲಿ ತೀರಿತು. ಆದರೂ ಮರುದಿನ ನಳ ಬರಲಿಲ್ಲ.

ಕೊಂದದ್ದು ಅಮೋನಿಯ. ಮೀನಿನ ಹೊಲಸು, ತಿನ್ನದೆ ಬಿಟ್ಟ ಕಾಳು ಕೊಳೆತು ಅಮೋನಿಯ ಆಗುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ನೈಟ್ರೈಟ್ ತಿಂದು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಉಣಕಲ್ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಬ್ಯಾಕ್ಟೀರಿಯ ಅಂಗಡಿಯಿಂದ ತಂದ ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಕಲ್ಲಿನ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ ತಾವಾಗಿ ಬೆಳೆಯಬೇಕು. ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಓಡಿಸುತ್ತಾ, ದಿನಾ ಚಿಟಿಕೆ ಮೀನಿನ ಕಾಳು ಹಾಕಿ ಕೊಳೆಯಲು ಬಿಟ್ಟು, ಮೀನಿಲ್ಲದ ನೀರನ್ನು ನೋಡುತ್ತಾ ಕೂರಬೇಕು.

ಕೂತೆ. ಇದರಷ್ಟು ಕಷ್ಟದ ಕೆಲಸ ನಮ್ಮ ಕಡೆ ಇನ್ನೊಂದಿಲ್ಲ. ಉದ್ಘಾಟನೆ ಇಲ್ಲದೆ ಏನನ್ನಾದರೂ ಆರು ವಾರ ಓಡಿಸುವುದು ನಮ್ಮ ರಕ್ತದಲ್ಲೇ ಇಲ್ಲ. ನಾವು ಮೊದಲು ರಿಬ್ಬನ್ ಕತ್ತರಿಸಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಆಮೇಲೆ ಪೈಪಿನೊಳಗೆ ನೀರು ಇದೆಯೇ ಅಂತ ಬಗ್ಗಿ ನೋಡುವ ಜನ. ಬಂದವರೆಲ್ಲ ಕೇಳುವುದು, "ಮೀನು ಎಲ್ಲಿ?" ನಾನು ಟ್ಯಾಂಕಿನ ಮೇಲೆ ಒಂದು ಚೀಟಿ ಅಂಟಿಸಿದೆ. "ಕಾಮಗಾರಿ ಪ್ರಗತಿಯಲ್ಲಿದೆ, ಸಾರ್ವಜನಿಕರು ಸಹಕರಿಸಬೇಕು." ಆಮೇಲೆ ಒಬ್ಬರೂ ಕೇಳಲಿಲ್ಲ. ಆ ಚೀಟಿ ನೋಡಿದರೆ ನಮ್ಮವರು ಬಗಲಿನಿಂದ ಸುತ್ತು ಹಾಕಿಕೊಂಡು ಹೋಗುವುದನ್ನು ಕಲಿತುಬಿಟ್ಟಿದ್ದಾರೆ.

ಕಾಯುವ ಹೊತ್ತಿನಲ್ಲಿ ಸೌಂದರ್ಯೀಕರಣ ಮಾಡಿದೆ. ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಎಲ್ಇಡಿ ದೀಪ. ಏರ್ ಪಂಪಿಗೆ ಜೋಡಿಸುವ ಒಂದು ನಿಧಿಯ ಪೆಟ್ಟಿಗೆ ಸಿಗುತ್ತದೆ. ನಿಮಿಷಕ್ಕೊಮ್ಮೆ ಬಾಯಿ ತೆರೆಯುತ್ತದೆ, ಗುಳುಗುಳು ಅನ್ನುತ್ತದೆ, ಮುಚ್ಚುತ್ತದೆ. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ. ಬಜೆಟ್ ಮಂಡನೆಯ ದಿನ ಟಿವಿ ಹಚ್ಚುವುದನ್ನು ನಾನು ಬಿಟ್ಟಿದ್ದೇನೆ, ಇದನ್ನೇ ನೋಡುತ್ತೇನೆ.

ಗಾಜಿಗೆ ಪಾಚಿ ಹಿಡಿದಾಗ ಅಂಗಡಿಯ ಹುಡುಗ ಮತ್ತೊಂದು ಸಲಹೆ ಕೊಟ್ಟ. ಸಕ್ಕರ್ ಮೀನು. ಎರಡು ಇಂಚಿನ ಕರಿ ಮೀನು, ಬಾಯಿ ಗಾಜಿಗೆ ಅಂಟಿಸಿಕೊಂಡು ಕೂರುತ್ತದೆ. "ಎಲ್ಲಾ ಹೊಲಸು ತಾನ ತಿಂದು ಸ್ವಚ್ಛ ಮಾಡತೈತ್ರಿ, ನೀವು ಏನೂ ಮಾಡೂದು ಬ್ಯಾಡ." ಸ್ವಚ್ಛ ಮಾಡಲು ನೇಮಿಸಿದವರ ಬಗ್ಗೆ ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವೆ ಅಲ್ವಾ? ಸಕ್ಕರ್ ಮೊದಮೊದಲು ಪಾಚಿ ತಿನ್ನುತ್ತದೆ, ನಿಜ. ಆಮೇಲೆ ಕೂತಲ್ಲೇ ದಪ್ಪಗಾಗುತ್ತದೆ. ಒಂದು ಅಡಿ, ಒಂದೂವರೆ ಅಡಿ. ಆಗ ಟ್ಯಾಂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊಲಸು ಮಾಡುವುದು ಅದೇ. ಹಿಡಿದು ಹೊರಗೆ ಹಾಕೋಣ ಅಂದರೆ ಗಾಜಿಗೆ ಕಚ್ಚಿಕೊಂಡಿರುತ್ತದೆ. ಕೆರೆಗೆ ಬಿಟ್ಟರಂತೂ ಅಲ್ಲಿಯ ಮೀನುಗಳ ಪಾಡು ಮುಗಿಯಿತು. ನಾನು ತರಲಿಲ್ಲ. ಹಳೇ ಎಟಿಎಂ ಕಾರ್ಡಿನಿಂದ ಪಾಚಿ ಕೆರೆದೆ.

ಆ ಹೊತ್ತಿಗೇ ಮನೆಗೆ ಸೊಳ್ಳೆ ಪರೀಕ್ಷೆಯವರು ಬಂದರು. ಬ್ಯಾರೆಲಿಗೆ ಬ್ಯಾಟರಿ ಬಿಟ್ಟು ನೋಡಿ ಆ ಅಕ್ಕ ಹೇಳಿದರು, "ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತಿಕ್ಕಿ, ಒಣಗಸ್ರಿ. ಇಲ್ಲಾಂದ್ರ ಡೆಂಗಿ ಬರತದ." ಅವರ ಮಾತು ಸರಿ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಿದ್ದು ಹಾರುವುದಕ್ಕೆ ಎಂಟು-ಹತ್ತು ದಿನ ಸಾಕು. ಆದರೆ ಲೆಕ್ಕ ನೋಡಿ. ನೀರು ಬಿಡುವವರು ಹೇಳುತ್ತಾರೆ, ಎಂಟು ದಿನಕ್ಕೆ ಆಗುವಷ್ಟು ತುಂಬಿಟ್ಟುಕೊಳ್ಳಿ. ಸೊಳ್ಳೆ ನೋಡುವವರು ಹೇಳುತ್ತಾರೆ, ಏಳನೇ ದಿನ ಚೆಲ್ಲಿ. ಎಂಟನೇ ದಿನ ಏನು ಮಾಡಬೇಕು ಅಂತ ಹೇಳುವ ಇಲಾಖೆ ಇನ್ನೂ ಶುರುವಾಗಿಲ್ಲ.

"ಚೆಲ್ಲಲಿಕ್ಕೆ ಆಗದಿದ್ರ ಗಪ್ಪಿ ಬಿಡ್ರಿ, ಲಾರ್ವಾ ತಿಂತಾವ" ಅಂದರು ಆ ಅಕ್ಕ. ನನ್ನ ಕಣ್ಣು ತೆರೆಯಿತು. ಟ್ಯಾಂಕಿಗೆ ಬೇಕಾದ ಮೀನು ಇದೇ ಅಲ್ಲವೇ? ನಳ ಕೈಕೊಟ್ಟಾಗ ಗತಿಯಾಗುವ ಬೋರ್ ನೀರು ನಮ್ಮ ಕಡೆ ಗಡಸು. ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ. ಅಮೆಜಾನ್ ಕಡೆಯಿಂದ ಬಂದ ನಿಯಾನ್ ಟೆಟ್ರಾಗೆ ಮೆದು ನೀರು ಬೇಕು. ಗಪ್ಪಿಗೆ ಗಡಸು ನೀರೇ ಚಂದ. ಆರು ವಾರ ಕಳೆದು, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಅಂತ ಪರೀಕ್ಷೆಯ ಬಣ್ಣ ತೋರಿಸಿದ ಮೇಲೆ ಐದು ಗಪ್ಪಿ ಬಿಟ್ಟೆ. ಎರಡು ಗಂಡು, ಮೂರು ಹೆಣ್ಣು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಸುಮಾರು ತಿಂಗಳಿಗೊಂದು ಸೂಲು. ಎರಡು ತಿಂಗಳಲ್ಲಿ ಎಣಿಸುವುದನ್ನು ಬಿಟ್ಟೆ. ಊಟ ಬ್ಯಾರೆಲಿನಿಂದ, ಪುಕ್ಕಟೆ. ಕಾಳು ಹಾಕಿದರೂ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಮೀನು ಹಸಿದು ಸಾಯುವುದು ಅಪರೂಪ, ಜಾಸ್ತಿ ಹಾಕಿಸಿಕೊಂಡು ಸಾಯುವುದೇ ಹೆಚ್ಚು. ಚುನಾವಣೆ ಹತ್ತಿರ ಬಂದಾಗ ಓಣಿಗೆ ದಿನಾ ಟ್ಯಾಂಕರ್ ಬರುವುದನ್ನು ಕಂಡರೆ ನನಗೆ ಈಗ ಸ್ವಲ್ಪ ಹೆದರಿಕೆ.

ಇದೇ ಊರಿನಲ್ಲಿ 24 ತಾಸು ನಳ ಬರುವ ವಾರ್ಡುಗಳೂ ಇವೆ. ವಿಶ್ವ ಬ್ಯಾಂಕಿನ ನೆರವಿನಲ್ಲಿ 2008ರಲ್ಲಿ ಹುಬ್ಬಳ್ಳಿ, ಧಾರವಾಡದ ಕೆಲವು ವಾರ್ಡುಗಳಲ್ಲಿ ಮಾದರಿ ಅಂತ ಶುರು ಮಾಡಿದ್ದು. ಮಾದರಿ ಚೆನ್ನಾಗಿ ನಡೆಯಿತು. ಮಾದರಿ ಅಂದರೆ ನೋಡುವುದಕ್ಕೆ ತಾನೇ? ಅಂಥ ವಾರ್ಡಿನಲ್ಲಿ ಇರುವ ನನ್ನ ಗೆಳೆಯನ ಮನೆಯಲ್ಲೂ ಅಕ್ವೇರಿಯಂ ಇದೆ. ನೀರು ಬದಲಿಸುವ ದಿನ ಅವನಿಗೆ ನೆನಪೇ ಇರುವುದಿಲ್ಲ. ಯಾವಾಗ ಬೇಕಾದರೂ ಸಿಗುವ ವಸ್ತುವಿನ ದಿನ ಯಾರು ನೆನಪಿಡುತ್ತಾರೆ? ಅವನ ಮೀನು ಸತ್ತವು. ನಮ್ಮ ಮನೆಯಲ್ಲಿ ಮಾತ್ರ ರಾತ್ರಿ ಎರಡೂವರೆಗೆ "ನಳಾ ಬಂತ್ರೀ" ಅಂತ ಕೂಗು ಕೇಳಿದರೆ ಮೀನಿನಿಂದ ಹಿಡಿದು ಮನುಷ್ಯರವರೆಗೆ ಎಲ್ಲರೂ ಎದ್ದು ಬಾಯಿ ತೆರೆದು ನಿಲ್ಲುತ್ತಾರೆ. ನಮ್ಮ ರೈಲ್ವೆ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ, 1507 ಮೀಟರ್ ಅಂತ ಅಳೆದಿದ್ದಾರೆ. ಆ ರಾತ್ರಿಯ ಕೊಡಗಳ ಪಾಳಿಯನ್ನೂ ಒಮ್ಮೆ ಟೇಪ್ ಹಿಡಿದು ನೋಡಬೇಕಿತ್ತು.

ಟ್ಯಾಂಕಿನಿಂದ ಹಳೇ ನೀರು ತೆಗೆಯುವುದು ಸೈಫನ್ ಪೈಪಿನಿಂದ. ಒಂದು ತುದಿ ಕಲ್ಲಿನ ಹತ್ತಿರ, ಇನ್ನೊಂದು ತುದಿ ಕೆಳಗಿನ ಬಕೆಟ್ಟಿಗೆ, ಬಾಯಿಂದ ಒಮ್ಮೆ ಎಳೆದರೆ ಸಾಕು. ನಳದ ಪೈಪಿಗೆ ಮೋಟರ್ ಹಚ್ಚಿ ಓಣಿಯ ನೀರನ್ನೆಲ್ಲ ಎಳೆಯುವ ಎದುರು ಮನೆಯವರು ಈ ವಿದ್ಯೆಯಲ್ಲಿ ನನಗಿಂತ ಬಹಳ ಮುಂದಿದ್ದಾರೆ. ಆ ಹಳೇ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ಮೊದಲು ನಮ್ಮ ಕರಿಬೇವಿಗೆ ಹಾಕುತ್ತಿದ್ದೆ. ಅದು ಚಿಗುರಿದ್ದನ್ನು ಪಕ್ಕದ ಮನೆಯ ಕಾಕು ನೋಡಿದರು. ತಮ್ಮ ತುಳಸಿಗೂ ಮಲ್ಲಿಗೆಗೂ ಬೇಕು ಎಂದರು. ಕೊಟ್ಟೆ. ಮುಂದಿನ ವಾರ ಅವರ ಜೊತೆ ಇನ್ನಿಬ್ಬರು ಬಂದರು. ಅದರ ಮುಂದಿನ ವಾರ ನಮ್ಮ ಕಟ್ಟೆಯ ಮೇಲೆ ಐದು ಬಕೆಟ್ ಇದ್ದವು. ಇರುವುದು ಮುಕ್ಕಾಲು ಬಕೆಟ್ ನೀರು.

ಹೋದ ಶನಿವಾರ ಕಾಕು ಬಾಗಿಲಲ್ಲಿ ನಿಂತು ಕೇಳಿದರು, "ಏನಪಾ, ನಿನ್ನ ಮೀನಿನ ನೀರು ಇವತ್ತ ಬಿಡ್ತಿಯೋ ಇಲ್ಲೋ?"

ನನಗೆ ಆವತ್ತು ಬಗ್ಗಿ ಪೈಪ್ ಹಿಡಿಯುವ ಮನಸ್ಸಿರಲಿಲ್ಲ. ಟಿವಿಯಲ್ಲಿ ಮ್ಯಾಚ್ ಇತ್ತು. ಬಾಯಿಂದ ಮಾತು ತಾನಾಗಿ ಬಂತು.

"ಇಲ್ರೀ ಕಾಕು. ಪೈಪ್‌ಲೈನ್ ರಿಪೇರಿ ನಡದದ. ತಾಂತ್ರಿಕ ಕಾರಣ. ಸೋಮವಾರ ಬಿಡ್ತೀನಿ, ಇಲ್ಲಾ ಮಂಗಳವಾರ."

ಕಾಕು ಏನೂ ಅನ್ನಲಿಲ್ಲ. ತಲೆ ಅಲ್ಲಾಡಿಸಿ, ಬಕೆಟ್ ಕಟ್ಟೆಯ ಮೇಲೆ ಮೊದಲನೇ ನಂಬರಿಗೆ ಇಟ್ಟು, ಮೇಲೊಂದು ಕಲ್ಲು ಹೇರಿ ಹೋದರು.