ನೆಲ ನೋಡಿ ನಳಿಗೆ

ನನ್ನ ಬಲಗಣ್ಣಿನ ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗಾಯದ ಗುರುತಿದೆ. ಮಧುಗಿರಿಗೆ ಹೋದಾಗಲೆಲ್ಲ ಯಾರಾದರೂ ಅದರ ಬಗ್ಗೆ ಕೇಳುತ್ತಾರೆ. ಕೋವಿ ಒದ್ದದ್ದು ಅಂದರೆ ನಂಬುವುದಿಲ್ಲ. ಕೋವಿ ಒದ್ದರೆ ಹೆಗಲಿಗೆ ಒದೆಯಬೇಕು, ಹುಬ್ಬಿಗೆ ಯಾಕೆ ಅಂತ ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಹುಬ್ಬಿಗೆ ಹೊಡೆದದ್ದು ಕೋವಿಯ ಮೇಲಿದ್ದ ದುರ್ಬೀನು.

ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಇಲ್ಲಿ ನವೆಂಬರ್ ಬಂತೆಂದರೆ ಆಫೀಸಿನಲ್ಲಿ ಅರ್ಧ ಜನ ಇರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಜಿಂಕೆ ಬೇಟೆ. ಎಲ್ಲರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಲೇಬೇಕು. 2016ರಿಂದ ಗುಲಾಬಿ ಬಣ್ಣಕ್ಕೂ ಒಪ್ಪಿಗೆ ಇದೆ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಮೊದಲು ಸುರಕ್ಷತೆಯ ಪಾಠ ಮುಗಿಸಿ ಪಾಸಾಗಬೇಕು. ಗ್ರೀನ್ ಕಾರ್ಡ್ ಬಂದ ವರ್ಷ ನಾನೂ ಹದಿಮೂರು ವರ್ಷದ ಹುಡುಗರ ಪಕ್ಕ ಕೂತು ಪಾಸ್ ಮಾಡಿದೆ.

ಆಮೇಲೆ ಅಂಗಡಿಗೆ ಹೋದೆ. ತಪ್ಪಾದದ್ದು ಅಲ್ಲೇ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಗೊಳ್ಳೋದು ಒಂದೇ ಸಲ ಅಲ್ವಾ, ದೊಡ್ಡದೇ ಇರಲಿ ಅಂದ. ಕೈಗೆ ಕೊಟ್ಟದ್ದು .300 ವಿಂಚೆಸ್ಟರ್ ಮ್ಯಾಗ್ನಮ್, ಅಂದರೆ ಮದ್ದು ಜಾಸ್ತಿ ಇರುವ ದೊಡ್ಡ ತೋಟಾದ ರೈಫಲ್, 26 ಇಂಚು ನಳಿಗೆ. ಇಂಥ ಅಂಕಿಗಳೆಲ್ಲ ತೋಟಾದ ಮಾದರಿಯ ಹೆಸರು. ನಮ್ಮ ಕಡೆ ಮದುವೆ ಚಪ್ಪರಕ್ಕೆ ಹತ್ತು ಗಳ ಸಾಕು ಅಂದರೆ ಹದಿನೈದು ತರಿಸುತ್ತಾರಲ್ಲ, ಹಾಗೆ. ನಾನೂ ತಲೆಯಾಡಿಸಿದೆ. ಮೊದಲ ಸಲ ಗುರಿ ಕಟ್ಟಲು ಮೇಜಿನ ಮುಂದೆ ಕೂತೆ. ಮುಖವನ್ನು ದುರ್ಬೀನಿಗೆ ಹತ್ತಿರ ಒಯ್ದಿದ್ದೆ. ಎರಡನೇ ತೋಟಾ ಹಾರಿಸಿದಾಗ ಹುಬ್ಬು ಸೀಳಿ ರಕ್ತ ಮೂಗಿನ ಮೇಲೆ ಇಳಿಯಿತು. ರಕ್ತ ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಶುರುವಾಯಿತು. ಕಣ್ಣು ಮುಚ್ಚಿಕೊಂಡವನ ಕೈಯಲ್ಲಿ ಎಷ್ಟು ದೊಡ್ಡ ತೋಟಾ ಇದ್ದರೂ ಏನು ಪ್ರಯೋಜನ?

ಆ ವರ್ಷ ಕೂತಿದ್ದು ಮರದ ಹಲಗೆಯ ಪುಟ್ಟ ಗೂಡಿನಲ್ಲಿ. ಎದುರಿಗೆ ದಟ್ಟ ಕಾಡು. 60 ಗಜದ ಆಚೆ ಏನೂ ಕಾಣುತ್ತಿರಲಿಲ್ಲ. ಬೆಳಗ್ಗೆ ಏಳೂವರೆಗೆ 40 ಗಜದಲ್ಲಿ ಒಂದು ಬಿಳಿಬಾಲದ ಜಿಂಕೆ ಬಂತು. ಬಂದೂಕನ್ನು ತಿರುಗಿಸಿದೆ. ಆ ಉದ್ದ ನಳಿಗೆ ಕಿಟಕಿಯ ಚೌಕಟ್ಟಿಗೆ ಟಣ್ ಅಂತ ಬಡಿಯಿತು. ಬಾಲ ಬಾವುಟದ ಹಾಗೆ ಮೇಲೆದ್ದದ್ದಷ್ಟೇ ಕಂಡದ್ದು.

ಮರುವರ್ಷ ಒಂದು ಸಿಕ್ಕಿತು. ಅಷ್ಟು ಹತ್ತಿರದಿಂದ, ಅಷ್ಟು ವೇಗದಲ್ಲಿ ಹೋದ ಗುಂಡು ಮುಂಗಾಲಿನ ತೊಡೆಯನ್ನು ಪೂರ್ತಿ ಹಾಳು ಮಾಡಿತ್ತು. ಚರ್ಮ ಬಿಡಿಸಿದರೆ ಮಾಂಸದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಲೋಳೆ. ಐದಾರು ಕಿಲೋ ಎಸೆದೆ. ಮುದ್ದೆಗೆ ಕೈಮ ಉಂಡೆ ಸಾರು ಅಂತ ಆಸೆ ಇಟ್ಟುಕೊಂಡಿದ್ದ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಪಕ್ಕದ ಹಾಲಿನ ಡೇರಿಯ ಮುದುಕ ಇದನ್ನೆಲ್ಲ ಕೇಳಿ ತನ್ನ ಬಂದೂಕನ್ನು ತೋರಿಸಿದ. .30-30, 20 ಇಂಚಿನ ನಳಿಗೆ, ಕೆಳಗಿನ ಲಿವರ್ ಜಗ್ಗಿದರೆ ಮುಂದಿನ ತೋಟಾ ಬರುವ ಹಳೇ ಮಾದರಿ. ಆ ಮಾದರಿಯ ತೋಟಾ 1895ರಲ್ಲಿ ಬಂದದ್ದು. ಅಪ್ಪನಿಂದ ಬಂದ ಬಂದೂಕು. ಅವನ ಕಾಡಿನಲ್ಲಿ 100 ಗಜದ ಮೇಲೆ ಗುರಿಯೇ ಕಾಣುವುದಿಲ್ಲ. ಮತ್ತೆ ಯಾಕೆ ಇನ್ನೊಂದು ಬೇಕು ಅಂತ ಅವನ ಪ್ರಶ್ನೆ. ನನಗೆ ತಟ್ಟನೆ ನಮ್ಮ ತಾತ ನೆನಪಾದರು.

ತಾತನ ಹತ್ತಿರ ಇದ್ದದ್ದು ಕೇಪಿನ ಕೋವಿ, ಅವರ ಎದೆ ಮಟ್ಟಕ್ಕೆ ಬರುವಷ್ಟು ಉದ್ದ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ತೆಂಗಿನ ನಾರು ಉಂಡೆ ಮಾಡಿ ತುರುಕಿ, ಸಲಾಕೆಯಿಂದ ಗಟ್ಟಿಯಾಗಿ ಬಡಿದು, ಮೇಲೆ ಸೀಸದ ಗುಂಡು ಹಾಕಿ, ಮತ್ತೆ ನಾರು ತುರುಕಬೇಕು. ಇಷ್ಟೆಲ್ಲ ಮಾಡಿದರೆ ಒಂದು ಈಡು. ಎರಡನೆಯದಕ್ಕೆ ಹಂದಿ ಕಾಯುತ್ತಾ ನಿಲ್ಲುವುದಿಲ್ಲ. ಹಾಗಾಗಿ ಹತ್ತು ಮಾರು ದೂರಕ್ಕೆ ಬರುವವರೆಗೆ ತಾತ ಕೆಮ್ಮುತ್ತಲೂ ಇರಲಿಲ್ಲವಂತೆ. ಇದು 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಮಾತು. ವಿಸ್ಕಾನ್ಸಿನ್ನಿನ ಮುದುಕನಿಗೂ ಮಧುಗಿರಿಯ ತಾತನಿಗೂ ಭಾಷೆ ಬೇರೆ, ಬುದ್ಧಿ ಒಂದೇ. ಇಬ್ಬರೂ ಮೊದಲು ನೆಲ ನೋಡಿದರು. ಎಲ್ಲಿ ಕೂರುತ್ತೇನೆ, ಎಷ್ಟು ದೂರ ಕಾಣುತ್ತದೆ, ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತದೆ. ಕೋವಿಯ ಮಾತು ಆಮೇಲೆ. ನಾನು ಮೊದಲು ಕೋವಿ ಕೊಂಡು ಆಮೇಲೆ ನೆಲ ನೋಡಿದವನು.

ಮ್ಯಾಗ್ನಮ್ ಮಾರಿದೆ. ಈಗಿರುವುದು .308 ವಿಂಚೆಸ್ಟರ್, 20 ಇಂಚು. ಆಫೀಸಿನ ಹುಡುಗರು ನಳಿಗೆ ಗಿಡ್ಡ ಆದರೆ ವೇಗ ಹೋಯಿತು ಅಂತ ಗೊಣಗುತ್ತಾರೆ. ಎಷ್ಟು ಹೋಯಿತು? .308ರಲ್ಲಿ ಒಂದು ಇಂಚಿಗೆ ಸೆಕೆಂಡಿಗೆ 20ರಿಂದ 25 ಅಡಿ. 24 ಇಂಚಿನ ನಳಿಗೆಯಿಂದ 150 ಗ್ರೇನ್, ಅಂದರೆ ಹತ್ತು ಗ್ರಾಂ ಹತ್ತಿರ ತೂಗುವ ಗುಂಡು ಸುಮಾರು 2,800 ಅಡಿ ವೇಗದಲ್ಲಿ ಹೊರಟರೆ, ನನ್ನದರಿಂದ 2,700 ಅಡಿ. 80 ಗಜದಲ್ಲಿ ನಿಂತ ಜಿಂಕೆಗೆ ಆ 100 ಅಡಿ ಲೆಕ್ಕಕ್ಕೇ ಇಲ್ಲ. ನನಗಂತೂ ಹಳೇ ಮ್ಯಾಗ್ನಮ್ಮಿಗಿಂತ ಕಮ್ಮಿಯಾಗಿ ಕಿಟಕಿಗೆ ತಾಗದ ಆ ಆರು ಇಂಚು ದೊಡ್ಡ ಲೆಕ್ಕ. ಮ್ಯಾಗ್ನಮ್ ಕಥೆ ಬೇರೆ. ಅದರಲ್ಲಿ ನಿಧಾನ ಉರಿಯುವ ಮದ್ದು ಜಾಸ್ತಿ. ನಳಿಗೆ ಗಿಡ್ಡ ಮಾಡಿದರೆ ಮದ್ದಿನ ಬಲದಲ್ಲಿ ಒಂದಷ್ಟು ಬಾಯಿಯ ಹೊರಗೇ ಬೆಂಕಿಯಾಗಿ, ಸದ್ದಾಗಿ ಹೋಗುತ್ತದೆ. ಮ್ಯಾಗ್ನಮ್ ಬೇಕು ಅನ್ನುವವರು ಉದ್ದ ನಳಿಗೆಯನ್ನೂ ಹೊರಬೇಕು. ಬಯಲು ಸೀಮೆಯಲ್ಲಿ 300 ಗಜದಾಚೆಗೆ ಹೊಡೆಯುವವರು ಹೊರಲಿ. ಅಂಥವರಿಗೂ 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾ ಸಾಕು ಅಂತ ನನ್ನ ಅಭಿಪ್ರಾಯ. ಒದೆತ ಕಮ್ಮಿ, ಗುರಿ ಚೆನ್ನ.

ಮಗಳಿಗೆ .243 ಕೊಡಿಸಿದೆ. 1955ರಲ್ಲಿ ಬಂದ ತೋಟಾ. ಹೆಗಲಿಗೆ ಬರುವ ಪೆಟ್ಟು ನನ್ನ ಹಳೇ ಮ್ಯಾಗ್ನಮ್ಮಿನ ಮೂರನೇ ಒಂದು ಪಾಲು ಅಂದುಕೊಳ್ಳಿ. ಮೊದಲ ವರ್ಷವೇ ಒಂದೇ ಗುಂಡಿಗೆ ಜಿಂಕೆ ಬಿತ್ತು, ಕಣ್ಣು ಮುಚ್ಚಲಿಲ್ಲ. ಹೊಟ್ಟೆಕಿಚ್ಚು ಸ್ವಲ್ಪ ಆಯಿತು, ಸುಳ್ಳು ಯಾಕೆ ಹೇಳಲಿ.

ಹೋದ ಆಗಸ್ಟ್‌ನಲ್ಲಿ ಊರಿಗೆ ಬಂದಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರ ಹೊಲ ಕೊಡಿಗೇನಹಳ್ಳಿ ಕಡೆ, ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮಕ್ಕೆ ಹತ್ತಿರ. ಊರಿನವರು ಜಿಂಕೆ ಅಂತಲೇ ಕರೆಯುತ್ತಾರೆ. ನಿಜವಾಗಿ ಅದು ಜಿಂಕೆ ಜಾತಿಯಲ್ಲ. ಜಿಂಕೆಯ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬರುತ್ತದೆ. ಕೃಷ್ಣಮೃಗದ ತಿರುಚಿದ ಕೊಂಬು ಸಾಯುವವರೆಗೂ ಹಾಗೇ ಇರುತ್ತದೆ. ಚಿಕ್ಕಪ್ಪನಿಗೆ ಈ ವ್ಯತ್ಯಾಸದಲ್ಲಿ ಆಸಕ್ತಿ ಇಲ್ಲ. ಕಡ್ಲೇಕಾಯಿ ಗಿಡ ಎರಡೂ ತಿನ್ನುತ್ತವೆ ಅಲ್ವಾ?

"ತ್ರೀ ನಾಟ್ ತ್ರೀ ಗೊತ್ತು ಕಣಪ್ಪ, ಪೊಲೀಸರ ಹತ್ರ ನೋಡಿದೀನಿ. ನಿಂದು ಅದಕ್ಕಿಂತ ದೊಡ್ಡದಾ?"

ಹೆಚ್ಚು ಕಮ್ಮಿ ಅಷ್ಟೇ ಅಂದೆ. ನಮ್ಮಲ್ಲಿ .303 ಜನಸಾಮಾನ್ಯರಿಗೆ ಕೊಡುವುದಿಲ್ಲ. ಲೈಸೆನ್ಸ್ ಇದ್ದವರಿಗೆ ಸಿಗುವ ರೈಫಲ್ ಅಂದರೆ .315, .30-06 ಇಂಥವು. ನಳಿಗೆಯ ವಿಷಯದಲ್ಲಿ ಮಾತ್ರ ಎರಡೂ ದೇಶದ ಕಾನೂನಿಗೆ ಒಂದೇ ಅನುಮಾನ. ಅಮೆರಿಕದಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಇಟ್ಟುಕೊಳ್ಳಲು ಬೇರೆ ನೋಂದಣಿ ಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸುವ ಹಾಗೇ ಇಲ್ಲ. ಕಂಬಳಿಯೊಳಗೆ ಬಚ್ಚಿಡುವ ಕೋವಿ ಅಂದರೆ ಯಾವ ಸರ್ಕಾರಕ್ಕೂ ಇಷ್ಟ ಇಲ್ಲ.

ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಆಗಾಗ ಒಂದು ಮಾತು ಎತ್ತುತ್ತಾರೆ. ಅಮೆರಿಕದ ಹಾಗೆ ಇಲ್ಲೂ ಬೇಟೆ ಬಿಟ್ಟರೆ ರೈತನಿಗೆ ಕಾಟ ತಪ್ಪುತ್ತದೆ, ಸರ್ಕಾರಕ್ಕೂ ದುಡ್ಡು. ಕೇಳಲು ಚೆನ್ನಾಗಿದೆ. ಅಲ್ಲಿ ಬಂದೂಕು ಕೊನೆಯ ವಿಷಯ ಅನ್ನುವುದು ಅವರಿಗೆ ಕಾಣುವುದಿಲ್ಲ. ಒಂದು ಜಿಂಕೆ ಹೊಡೆದರೆ ಮರುದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಯಾವ ಜಿಲ್ಲೆಯಲ್ಲಿ ಎಷ್ಟು ಅಂತ ಪ್ರತಿ ವರ್ಷ ನಿಗದಿ. 1937ರಿಂದ ಬೇಟೆಯ ಬಂದೂಕು, ತೋಟಾ ಕೊಂಡರೆ ಅದರಲ್ಲಿ ತೆರಿಗೆ ಸೇರಿರುತ್ತದೆ, ಈಗ 11 ಪರ್ಸೆಂಟ್, ಅದು ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಜಿಂಕೆಗಳು ರಸ್ತೆಯಲ್ಲಿ ಕಾರಿಗೆ ಬಡಿಯುವಷ್ಟು ಜಾಸ್ತಿ. ಮೈದನಹಳ್ಳಿಯ ಧಾಮ ಇರುವುದೇ 798 ಎಕರೆ. ಸುತ್ತ ಹೊಲ, ಹೊಲದ ಸುತ್ತ ಊರು. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಆ ಕಾನೂನು ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ನೆಲವೇ ಒಪ್ಪುವುದಿಲ್ಲ. .308 ಗುಂಡು ತಪ್ಪಿದರೆ ಮೂರು ಕಿಲೋಮೀಟರ್‌ಗಿಂತಲೂ ಹೆಚ್ಚು ಹೋಗಬಲ್ಲದು. ವಿಸ್ಕಾನ್ಸಿನ್ನಿನಲ್ಲಿ ನಾನು ಅಟ್ಟಣೆಯ ಮೇಲಿಂದ ಕೆಳಕ್ಕೆ ಹೊಡೆಯುತ್ತೇನೆ, ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಇಲ್ಲಿ ಅಂಗೈ ಹಾಗೆ ಬಯಲು.

ಚಿಕ್ಕಪ್ಪನ ಹೊಲಕ್ಕೆ ಬೆಳಗಿನ ಜಾವ ಹೋದೆವು. ಸುತ್ತ ಹಳೇ ಸೀರೆಗಳ ಬೇಲಿ. ಒಂದರ ಮೇಲೆ ಚಿಕ್ಕಮ್ಮನ ಮದುವೆಗೂ ಹಿಂದಿನದಿರಬೇಕು ಅನ್ನುವಂಥ ಜರಿ ಅಂಚು. ಮಂಚಿಕೆ ಮೇಲೆ ಕೂತೆವು. ಆರು ಗಂಟೆಗೆ ಎಂಟು ಬಂದವು. ಏಳು ಕಂದು ಹೆಣ್ಣು, ಒಂದು ಕಪ್ಪು ಗಂಡು. ಅಭ್ಯಾಸ ಬಿಡುವುದಿಲ್ಲ ನೋಡಿ, ಮನಸ್ಸು ತಾನಾಗೇ ಅಳೆಯಿತು. 150 ಗಜ. ಗಾಳಿ ಇಲ್ಲ. ಗಂಡು ಅಡ್ಡಕ್ಕೆ ನಿಂತಿತ್ತು. ಕೈಯಲ್ಲಿದ್ದದ್ದು ಮಾತ್ರ ಕಾಫಿ ಲೋಟ.

ಚಿಕ್ಕಪ್ಪ ಎದ್ದು ತಗಡು ಬಡಿದರು. "ಹೋಯ್... ಹೋಯ್..." ಎಂಟೂ ಚಿಮ್ಮಿ, ಸೀರೆ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟಿ ಹೋದವು. ಗಂಡು ನಿಂತಿದ್ದ ಜಾಗದ ನೇರ ಹಿಂದೆ, ಬದುವಿನ ಮರೆಯಿಂದ ಒಬ್ಬ ಹೆಂಗಸು ಎದ್ದು ನಿಂತರು. ಕೈಯಲ್ಲಿ ಕುಡುಗೋಲು, ಪಕ್ಕದಲ್ಲಿ ಅರ್ಧ ಕಟ್ಟಿದ ಹುಲ್ಲಿನ ಹೊರೆ.

"ಯಾವಾಗ ಬಂದರು ಅವರು?" ಅಂತ ಕೇಳಿದೆ.

"ನಮಗಿಂತ ಮುಂಚಿಂದ್ಲೂ ಅಲ್ಲೇ ಅವ್ಳೆ ಕಣಪ್ಪ" ಅಂದರು ಚಿಕ್ಕಪ್ಪ, ತಗಡನ್ನು ಕೆಳಗಿಡುತ್ತಾ.